ಮಧುಮೇಹಿಗಳ ಪಾದ: ನೋವಿಲ್ಲದಿರುವುದೇ ಅಪಾಯ

ಉಡುಪಿ: ಮಧುಮೇಹ ಹಲವು ವರ್ಷ ಹತೋಟಿ ತಪ್ಪಿದರೆ ಪಾದದ ನರಗಳು ಸಂವೇದನೆ ಕಳೆದುಕೊಳ್ಳುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ. ಆಗ ಗಾಯವಾದರೂ ನೋವು ತಿಳಿಯದು, ಆದ ಗಾಯ ಬೇಗ ಮಾಯದು. ಸೋಂಕು ಎಲುಬಿಗೆ ಇಳಿದರೆ ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾದೀತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ.

ಕರಾವಳಿಯಲ್ಲಿ ಎಚ್ಚರ

ದೇವಾಲಯ, ಬಸದಿಗಳಲ್ಲಿ ಬರಿಗಾಲ ನಡಿಗೆ ರೂಢಿ. ಬಿಸಿಲಿಗೆ ಕಾದ ಕಾರ್ಕಳದ ಗೊಮ್ಮಟಬೆಟ್ಟದ ಬಂಡೆ ಅಂಗಾಲು ಸುಟ್ಟರೂ ಮರಗಟ್ಟಿದ ಪಾದಕ್ಕೆ ಅರಿವಾಗದು. ಕಾಪು ಕಡಲ ತೀರದಲ್ಲಿ ಚಿಪ್ಪಿನ ಚೂರು ಚುಚ್ಚಿದರೂ ಅಷ್ಟೇ. ಇಂತಹವರು ಬೆಳಗಿನ ತಂಪು ಹೊತ್ತಿನಲ್ಲಿ ದರ್ಶನ ಮುಗಿಸುವುದು, ತೀರದಲ್ಲಿ ಪಾದರಕ್ಷೆ ಧರಿಸುವುದು ಕ್ಷೇಮ. ಮಳೆಗಾಲದಲ್ಲಿ ಒದ್ದೆಯಾದ ಬೆರಳ ಸಂದಿಗಳಲ್ಲಿ ಶಿಲೀಂಧ್ರ ಸೋಂಕು ತಗಲುತ್ತದೆ.

ನಿತ್ಯದ ಆರೈಕೆ

* ಪ್ರತಿ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ದೃಷ್ಟಿ ಮಂದವಿದ್ದರೆ ಮನೆಯವರು ನೋಡಲಿ.
* ಪಾದ ತೊಳೆದು ಬೆರಳ ಸಂದಿ ಒರೆಸಿ. ಎಣ್ಣೆಯನ್ನು ಸಂದಿಗೆ ಹಚ್ಚಬೇಡಿ.
* ಉಗುರನ್ನು ನೇರವಾಗಿ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ.
* ಬಿಸಿನೀರಿನ ಶಾಖ ಬೇಡ. ಧೂಮಪಾನ ತ್ಯಜಿಸಿ.

ತಪಾಸಣೆ

ಪಾದಕ್ಕೆ 10 ಗ್ರಾಂ ಒತ್ತಡದ ನೈಲಾನ್ ಎಳೆ ತಾಗಿಸಿ ಸ್ಪರ್ಶಜ್ಞಾನ ಅಳೆಯುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಸ್ಪರ್ಶಜ್ಞಾನ ಕುಗ್ಗಿದವರಿಗೆ ಮೃದು ಎಂಸಿಆರ್ ಚಪ್ಪಲಿ ಸೂಕ್ತ. ಮಣಿಪಾಲದಲ್ಲಿ ಮಧುಮೇಹಿಗಳ ಪಾದ ಆರೈಕೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಬಾವು, ಕೀವು, ಕಪ್ಪು ಬಣ್ಣ ಕಂಡರೆ ನೋವಿಲ್ಲವೆಂದು ಕಾಯದೆ ಅದೇ ದಿನ ವೈದ್ಯರನ್ನು ಕಾಣಬೇಕು.