ಕೆಚ್ಚಲೊಳಗಿನ ಕಾಣದ ಬಾವು

ಉಪ್ಪಿನಂಗಡಿಯಲ್ಲಿ ಕಂಬಳದ ಕೋಣಗಳ ಆರೈಕೆಯನ್ನು ಊರೇ ನೋಡುತ್ತದೆ. ಹಟ್ಟಿಯಲ್ಲಿ ಕರೆಯುವ ಎಮ್ಮೆಯ ಕೆಚ್ಚಲನ್ನು ಅಷ್ಟು ಹತ್ತಿರದಿಂದ ನೋಡುವವರು ಕಡಿಮೆ. ಸೊಸೈಟಿಗೆ ಬರುವುದು ಬಹುಪಾಲು ಮಿಶ್ರತಳಿ ದನಗಳ ಹಾಲಾದ್ದರಿಂದ ಎಮ್ಮೆ ಇನ್ನಷ್ಟು ಹಿಂದಕ್ಕೆ ಸರಿದಿದೆ. ಸುಪ್ತ ಕೆಚ್ಚಲುಬಾವು ಬಂದರೆ ಕೆಚ್ಚಲು ಊದುವುದಿಲ್ಲ, ಹಾಲು ಒಡೆಯುವುದಿಲ್ಲ, ಎಮ್ಮೆ ಮೇವು ಬಿಡುವುದಿಲ್ಲ. ಹಾಲು ಮಾತ್ರ ಇಳಿಯುತ್ತದೆ.

ಸೋಂಕು ತಗುಲಿದ ಕೆಚ್ಚಲಿಗೆ ಬಿಳಿ ರಕ್ತಕಣಗಳು ನುಗ್ಗುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವ ವಿಧಾನವನ್ನು ಅಮೆರಿಕದ ಪ್ರೆಸ್ಕಾಟ್ ಮತ್ತು ಬ್ರೀಡ್ 1910ರಲ್ಲಿ ಕೊಟ್ಟರು. 1939ರಲ್ಲಿ ವೈಟ್‌ಸೈಡ್ ಕಾಸ್ಟಿಕ್ ಸೋಡ ಬೆರೆಸಿದರೆ ಸೋಂಕಿನ ಹಾಲು ಗಟ್ಟಿಯಾಗುವುದನ್ನು ತೋರಿಸಿದರು. ಪರೀಕ್ಷೆಯನ್ನು ನಿಜವಾಗಿ ಹಟ್ಟಿಗೆ ತಂದದ್ದು 1957ರಲ್ಲಿ ಶಾಲ್ಮ್ ಮತ್ತು ನೂರ್‌ಲ್ಯಾಂಡರ್ ರೂಪಿಸಿದ ಕ್ಯಾಲಿಫೋರ್ನಿಯಾ ಪರೀಕ್ಷೆ. ಹಿಡಿಕೆ ಇರುವ ತಟ್ಟೆಯಲ್ಲಿ ನಾಲ್ಕು ಬಟ್ಟಲು, ಮೊಲೆಗೊಂದು. ಮೊದಲ ಧಾರೆ ಬಿಟ್ಟು ಸ್ವಲ್ಪ ಹಾಲು ಕರೆದು, ಅಷ್ಟೇ ಮಾರ್ಜಕದ ದ್ರಾವಣ ಸೇರಿಸಿ, ತಟ್ಟೆಯನ್ನು ಮೆಲ್ಲಗೆ ಸುತ್ತಿಸಬೇಕು. ಒಳ್ಳೆಯ ಹಾಲು ನೀರಿನಂತೆ ಹರಿದಾಡುತ್ತದೆ. ಸೋಂಕಿನ ಹಾಲು ಲೋಳೆಗಟ್ಟುತ್ತದೆ, ಏಕೆಂದರೆ ಮಾರ್ಜಕ ಕಣಗಳನ್ನು ಒಡೆದಾಗ ಒಳಗಿನ ಡಿಎನ್‌ಎ ಹೊರಬರುತ್ತದೆ. ಯಾವ ಮೊಲೆಯಲ್ಲಿ ತೊಂದರೆ ಎಂದು ನಿಮಿಷದೊಳಗೆ ಗೊತ್ತಾಗುತ್ತದೆ. ಕ್ಯಾನಿನ ಬೆರಕೆ ಹಾಲು ಅದನ್ನು ಎಂದೂ ಹೇಳಲಾರದು.

1990ರ ದಶಕದಲ್ಲಿ ಪಾಕಿಸ್ತಾನದ ಫೈಸಲಾಬಾದಿನ ಪಶುವೈದ್ಯರು ಬಟ್ಟೆ ಒಗೆಯುವ ಪುಡಿಯ ಶೇ. 3ರ ದ್ರಾವಣದಿಂದಲೇ ಈ ಕೆಲಸ ಮಾಡಿ ತೋರಿಸಿದರು. ಬಡ ರೈತನ ದೃಷ್ಟಿಯಿಂದ ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಭಾರತದಲ್ಲಿ ಧಂಡಾ ಮತ್ತು ಸೇಥಿ 1962ರಲ್ಲಿ ಕೆಚ್ಚಲುಬಾವಿನ ವಾರ್ಷಿಕ ನಷ್ಟವನ್ನು 52.9 ಕೋಟಿ ರೂಪಾಯಿ ಎಂದು ಅಂದಾಜಿಸಿದ್ದರು. 2009ರ ಅಂದಾಜು 7,165 ಕೋಟಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಪ್ತ ಬಾವಿನದು. ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿಯ ವಿಜ್ಞಾನಿಗಳೂ ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿ ಇದರ ವ್ಯಾಪ್ತಿಯನ್ನು ಲೆಕ್ಕಹಾಕಿದ್ದಾರೆ.

ಎಮ್ಮೆಯ ಮೊಲೆರಂಧ್ರ ದನದ್ದಕ್ಕಿಂತ ಬಿಗಿ. ರೋಗಾಣು ಸುಲಭವಾಗಿ ಒಳನುಗ್ಗದು ಎಂಬ ಈ ಭರವಸೆಯೇ ಅಲಕ್ಷ್ಯಕ್ಕೂ ಕಾರಣವಾಗಿದೆ. ಮಿಲಿಲೀಟರಿಗೆ ಎರಡು ಲಕ್ಷ ಕಣ ಎಂಬ ಮಿತಿ ದನದ ಹಾಲಿಗೆಂದು ರೂಢಿಗೆ ಬಂದದ್ದು. ಎಮ್ಮೆಗೆ ಅದು ಎಷ್ಟು ಹೊಂದುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಮಳೆಗಾಲದ ಸೊಪ್ಪಿನ ಹಟ್ಟಿಯ ಮಾತೂ ಇದೆ. ಅಡಿಕೆ ತೋಟಕ್ಕೆ ಒಳ್ಳೆಯ ಗೊಬ್ಬರ ಕೊಡುವ ಆ ಒದ್ದೆ ಸೊಪ್ಪಿನ ಮೇಲೆಯೇ, ಕರೆದ ಕೂಡಲೇ, ಮೊಲೆರಂಧ್ರ ಇನ್ನೂ ತೆರೆದಿರುವಾಗ ಎಮ್ಮೆ ಮಲಗುತ್ತದೆ. ಕರಾವಿನ ನಂತರ ಅರ್ಧ ಗಂಟೆ ಮೇವು ಹಾಕಿ ನಿಲ್ಲಿಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ.

ಸೋಂಕಿನಿಂದ ಲ್ಯಾಕ್ಟೋಸ್ ಇಳಿದರೆ ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಕೂಡ ಇಳಿಯುತ್ತದೆ, ದರ ತಪ್ಪುತ್ತದೆ. ನೀರು ಬೆರೆಸಿದ ಅನುಮಾನ ಪಡುವ ಮೊದಲು ಹಾಲು ತಂದ ಮನೆಯ ಹಟ್ಟಿಗೆ ತಟ್ಟೆ ಹೋಗಲಿ. ಪುತ್ತೂರು, ಸುಳ್ಯ, ಕಡಬದ ಪ್ರತಿ ಸೊಸೈಟಿಯಲ್ಲೂ ನಾಲ್ಕು ಬಟ್ಟಲಿನ ಒಂದು ತಟ್ಟೆ ಇರಲಿ. ತಿಂಗಳಿಗೊಮ್ಮೆ ಪರೀಕ್ಷೆ ನಡೆಯಲಿ. ಲೋಳೆ ಕಂಡರೆ ನೀವೇ ಔಷಧಿ ಏರಿಸಬೇಡಿ, ಮಾದರಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ.