ಗಿರಣಿ

ಸೊಲ್ಲಾಪುರದಲ್ಲಿ 1877ರಲ್ಲಿ ಶುರುವಾದ ಬಟ್ಟೆ ಕಾರ್ಖಾನೆಗೆ ಕಾಗದದ ಮೇಲಿದ್ದ ಹೆಸರು ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ. ಊರವರ ನಾಲಗೆಗೆ ಆ ಹೆಸರು ಹತ್ತಲಿಲ್ಲ. ಅವರ ಪಾಲಿಗೆ ಅದು ಜುನಿ ಮಿಲ್, ಜುನಿ ಗಿರಣಿ. ಕನ್ನಡದಲ್ಲಿ ಹೇಳುವುದಾದರೆ ಹಳೇ ಗಿರಣಿ. ಹುಟ್ಟಿದ ದಿನವೇ ಯಾವುದೂ ಹಳೆಯದಾಗಿರುವುದಿಲ್ಲ. ಲಕ್ಷ್ಮಿ, ವಿಷ್ಣು, ನರಸಿಂಗ ಗಿರಜಿ, ಜಾಮ್ ಎಂದು ಬೇರೆ ಗಿರಣಿಗಳು ಒಂದರ ಹಿಂದೊಂದು ಎದ್ದ ಮೇಲೆ ಮೊದಲಿನದಕ್ಕೆ ‘ಜುನಿ’ ಸೇರಿಕೊಂಡಿತು. ಊರು ಬೆಳೆದ ಕ್ರಮವೆಲ್ಲ ಆ ಎರಡಕ್ಷರದಲ್ಲಿದೆ. ಈಗ ಹಳೆಯದೂ ಮುಚ್ಚಿದೆ, ಅದನ್ನು ಹಳೆಯದಾಗಿಸಿದ ಹೊಸವೂ ಮುಚ್ಚಿವೆ. ಕಟ್ಟಡ ಕಾಣದ ಕಡೆಯೂ ಹೆಸರು ವಿಳಾಸವಾಗಿ ಓಡಾಡುತ್ತಿದೆ. ಗಿರಣಿ ಎಂಬ ಪದದ ಬೆನ್ನು ಹತ್ತಲು ನನಗೆ ಇದೇ ಕಾರಣ ಸಾಕು.

ಧಾರವಾಡ, ವಿಜಯಪುರದ ಕಡೆ ‘ಗಿರಣಿಗೆ ಹೋಗಿ ಜ್ವಾಳಾ ಬೀಸಿಕೊಂಡ ಬಾ’ ಎಂದರೆ ಹಿಟ್ಟಿನ ಗಿರಣಿ. ಅದೇ ಮನೆಯ ಹಿರಿಯರು ‘ನಮ್ಮಪ್ಪ ಗಿರಣ್ಯಾಗ ಕೆಲಸಕ್ಕಿದ್ದ’ ಎಂದರೆ ಬಟ್ಟೆ ಗಿರಣಿ. ಎರಡರ ನಡುವೆ ಯಾರಿಗೂ ಗೊಂದಲವಿಲ್ಲ. ಹಳೇ ಮೈಸೂರಿನ ಕಡೆ ಈ ಪದ ಪತ್ರಿಕೆ, ಪುಸ್ತಕಗಳಲ್ಲಿ ಕಂಡಷ್ಟು ಮಾತಿನಲ್ಲಿ ಕೇಳುವುದಿಲ್ಲ. ಅಲ್ಲಿ ರಾಗಿಗೆ ‘ಮಿಷನ್ನು’, ಬಟ್ಟೆಗೆ ‘ಮಿಲ್ಲು’. ಗಿರಣಿಯನ್ನು ದಿನಬಳಕೆಗೆ ಇಟ್ಟುಕೊಂಡದ್ದು ಮರಾಠಿಯೊಂದಿಗೆ ಬದುಕು ಹಂಚಿಕೊಂಡ ಉತ್ತರದ ಕನ್ನಡ.

ಗಿರಣಿ ಬರುವ ಮೊದಲು ಕನ್ನಡದಲ್ಲಿ ಒಂದೊಂದು ಕೆಲಸಕ್ಕೂ ಅದರದೇ ಪದವಿತ್ತು. ಧಾನ್ಯವನ್ನು ಬೀಸುವುದು ಬೀಸುವ ಕಲ್ಲಿನಲ್ಲಿ, ಭತ್ತ ಕುಟ್ಟುವುದು ಒರಳಿನಲ್ಲಿ. ಎಣ್ಣೆಗೆ ಗಾಣ. ದೇವರ ನಂದಾದೀವಿಗೆಗೆ ಗಾಣದ ಎಣ್ಣೆ ಬಿಟ್ಟುಕೊಟ್ಟ ಶಾಸನಗಳು ನಾಡಿನಲ್ಲಿ ಬೇಕಾದಷ್ಟಿವೆ. ಕಬ್ಬಿಗೆ ಆಲೆ, ಅದಿರುವ ಜಾಗ ಆಲೆಮನೆ. ನೂಲಿಗೆ ರಾಟೆ, ಬಟ್ಟೆಗೆ ಮಗ್ಗ. ಇವೆಲ್ಲವನ್ನೂ ಒಂದೇ ಹೆಸರಿನಡಿ ತರುವ ಪದ ನಮಗೆ ಬೇಕಾಗಿಯೇ ಇರಲಿಲ್ಲ. ಇಲ್ಲಿ ತಮಿಳಿನ ದಾರಿ ನೋಡುವುದು ಚಂದ. ಕಬ್ಬು ಅರೆಯುವ ‘ಆಲೈ’ಯನ್ನೇ ತಮಿಳರು ಎಳೆದು ಹಿಗ್ಗಿಸಿದರು, ಕೊಯಮತ್ತೂರಿನ ಹತ್ತಿ ಗಿರಣಿ ‘ಪಂಜಾಲೈ’ ಆಯಿತು, ನೂಲಿನದು ‘ನೂರ್ಪಾಲೈ’. ನಮ್ಮ ಆಲೆಯಾದರೋ ಬೆಲ್ಲದ ವಾಸನೆ ಬಿಟ್ಟು ಆಚೆ ಬರಲೇ ಇಲ್ಲ. ಹಾಗಾಗಿ ಹೊಸ ಯಂತ್ರಗಳ ಕಾಲಕ್ಕೆ ಗಿರಣಿಯೇ ಹೊಟ್ಟೆ ದೊಡ್ಡದು ಮಾಡಿಕೊಂಡಿತು: ಹಿಟ್ಟಿನ ಗಿರಣಿ, ಅಕ್ಕಿ ಗಿರಣಿ, ಎಣ್ಣೆ ಗಿರಣಿ, ನೂಲಿನ ಗಿರಣಿ, ಬಟ್ಟೆ ಗಿರಣಿ. ಮನುಷ್ಯರ ಇಲ್ಲವೇ ಎತ್ತಿನ ರಟ್ಟೆ ಬಿಟ್ಟು ಬೇರೆ ಬಲದಿಂದ ತಿರುಗುವುದೆಲ್ಲ ಗಿರಣಿ.

ಹಿಟ್ಟು ಬೀಸುವ ಜಾಗದ ಹೆಸರು ಬಟ್ಟೆಗೆ ಹೇಗೆ ಬಂತು? ಇಂಗ್ಲಿಷಿನ ಮಿಲ್ಲಿಗೂ ಇದೇ ಕಥೆ. ಅದರ ಬೇರು ಲ್ಯಾಟಿನ್ನಿನ ‘ಮೋಲ’, ಅಂದರೆ ಬೀಸುವ ಕಲ್ಲು. ಇಂಗ್ಲೆಂಡಿನಲ್ಲಿ ನೂರಾರು ವರ್ಷ ಹೊಳೆಯ ನೀರು ಚಕ್ರ ತಿರುಗಿಸಿ ಗೋಧಿ ಬೀಸುತ್ತಿತ್ತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಕ್ರಾಮ್‌ಫರ್ಡ್‌ನಲ್ಲಿ ಅದೇ ಬಗೆಯ ನೀರಿನ ಚಕ್ರಕ್ಕೆ ನೂಲುವ ಯಂತ್ರ ಕಟ್ಟಿದ. ಚಕ್ರ ಅದೇ ಆದ್ದರಿಂದ ಹೆಸರೂ ಅದೇ ಉಳಿಯಿತು. ಮುಂದೆ ನೀರು ಹೋಗಿ ಉಗಿ ಬಂದಾಗಲೂ ಅದನ್ನು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ನಮ್ಮಲ್ಲಿ ಆ ಹಳೆಯ ಅರ್ಥವನ್ನು ಕಣ್ಣಾರೆ ಕಾಣಬೇಕೆಂದರೆ ಗೋಕಾಕ ಫಾಲ್ಸ್‌ಗೆ ಹೋಗಬೇಕು. 1887ರಲ್ಲಿ ಅಲ್ಲಿ ನೂಲಿನ ಗಿರಣಿ ತಿರುಗತೊಡಗಿದ್ದು ಘಟಪ್ರಭೆಯ ಬಲದಿಂದ. ಬಂಡೆಯ ಅಂಚಿನ ಗಿರಣಿಯನ್ನೂ ಕೆಳಗೆ ಧುಮುಕುವ ಹೊಳೆಯನ್ನೂ ಒಟ್ಟಿಗೆ ನೋಡಿದವರಿಗೆ ನೀರಿಗೂ ನೂಲಿಗೂ ಏನು ಸಂಬಂಧ ಎಂದು ವಿವರಿಸಬೇಕಾಗಿಲ್ಲ.

ಸೊಲ್ಲಾಪುರಕ್ಕೆ ಅಂಥ ಹೊಳೆಯಿಲ್ಲ. ಅಲ್ಲಿ ನೀರು ಎಂದರೆ ಸಿದ್ಧರಾಮ ಕಟ್ಟಿಸಿದ ಕೆರೆ. ವಚನಕಾರರ ಸೊನ್ನಲಿಗೆ ಇದೇ ಊರು. 1860ರಲ್ಲಿ ಮುಂಬಯಿಯ ರೈಲು ಅಲ್ಲಿಗೆ ಬಂತು, ರೈಲಿನ ಹಿಂದೆ ಹತ್ತಿಯ ವ್ಯಾಪಾರ ಬೆಳೆಯಿತು. ಜುನಿ ಗಿರಣಿ ಶುರುವಾದ 1877, ದಖ್ಖನ್ನನ್ನು ಸುಟ್ಟ ಮಹಾಕ್ಷಾಮದ ನಡುವಿನ ವರ್ಷ. ಆಗಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ, ಬಾಗಲಕೋಟೆಯ ಸೀಮೆ, ಹೆಚ್ಚು ಬಸವಳಿದ ಕಡೆಗಳಲ್ಲೊಂದು. 1884ರಲ್ಲಿ ಹೋಟಗಿಯಿಂದ ಗದುಗಿಗೆ ಹಳಿ ಬಿದ್ದ ಮೇಲೆ ಆ ಸೀಮೆಗೂ ಸೊಲ್ಲಾಪುರಕ್ಕೂ ನೇರ ದಾರಿಯಾಯಿತು. ಕನ್ನಡ, ಮರಾಠಿ, ತೆಲುಗು, ಉರ್ದು ಮನೆಮಾತಿನವರು ಅಲ್ಲಿ ಒಂದೇ ಭೋಂಗಾದ ಕೂಗಿಗೆ ಎದ್ದು ಒಂದೇ ಬಾಗಿಲಲ್ಲಿ ಒಳಗೆ ಹೋದರು. ಪಾಳಿ, ಬದಲಿ, ಭೋಂಗಾ, ಚಿಮಣಿ: ಗಿರಣಿಯ ಜೊತೆ ಬಂದ ಈ ಪದಗಳಿಗೆ ಯಾವ ಒಂದು ಭಾಷೆಯ ಹಕ್ಕುಪತ್ರವೂ ಇಲ್ಲ. ಚಿಮಣಿಯಂತೂ ಉತ್ತರ ಕರ್ನಾಟಕದಲ್ಲಿ ಗಿರಣಿಯ ಹೊಗೆಕೊಳವೆಯೂ ಹೌದು, ಸೀಮೆಎಣ್ಣೆಯ ಬುಡ್ಡಿಯೂ ಹೌದು. ಸೀಮೆಎಣ್ಣೆಗೇ ಅಲ್ಲಿ ಚಿಮಣಿ ಎಣ್ಣೆ ಎನ್ನುತ್ತಾರೆ.

ಆ ಗಿರಣಿಗಳ ಜನ ಕೂಲಿಗಷ್ಟೇ ಅಲ್ಲ, ದೇಶಕ್ಕೂ ಬೀದಿಗಿಳಿದರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿ ಬಂದಾಗ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು, ಊರಿನ ಮೇಲೆ ಸರ್ಕಾರದ ಹಿಡಿತವೇ ತಪ್ಪಿತು, ಕೊನೆಗೆ ಮಾರ್ಷಲ್ ಲಾ ಹೇರಬೇಕಾಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು ಗಲ್ಲಿಗೇರಿಸಿದರು. ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಗಿರಣಿ ಊರಿನ ಜನಗಣತಿ ಬೇರೆ ಬೇಕಿಲ್ಲ.

ಜುನಿ ಗಿರಣಿಗೆ ಇನ್ನೊಂದು ವಿಳಾಸವೂ ಇದೆ, ಅದು ಕಾನೂನಿನ ಪುಸ್ತಕದಲ್ಲಿ. 1949ರಲ್ಲಿ ಆಡಳಿತ ಕೆಟ್ಟು ಗಿರಣಿ ಬಾಗಿಲು ಹಾಕಿತು. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಅದನ್ನು ಕೈಗೆ ತೆಗೆದುಕೊಂಡಿತು. ಷೇರುದಾರ ಚಿರಂಜಿತ್ ಲಾಲ್ ಚೌಧುರಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ಬಂದ ತೀರ್ಪು, ಸಂವಿಧಾನದ ಸಮಾನತೆಯ ಹಕ್ಕನ್ನು ಬಿಡಿಸಿ ನೋಡಿದ ಮೊದಮೊದಲ ತೀರ್ಪುಗಳಲ್ಲೊಂದು. ಮೂವತ್ತು ವರ್ಷದ ಮೇಲೆ, 1980ರಲ್ಲಿ, ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೂ ಮಿತಿಯುಂಟು ಎಂದು ಮತ್ತೆ ಗಟ್ಟಿಮಾಡಿದ ತೀರ್ಪು ಬೆಂಗಳೂರಿನ ಮಿನರ್ವ ಮಿಲ್ಸ್ ಹೆಸರಿನದು. ಮಗ್ಗದ ಸದ್ದು ಕೇಳದ ಕಾನೂನು ವಿದ್ಯಾರ್ಥಿಗಳೂ ಈ ಎರಡು ಗಿರಣಿಗಳ ಹೆಸರು ಬಲ್ಲರು.

ಮುಂಬಯಿಯಲ್ಲಿ ಪದ ಇನ್ನೂ ದೊಡ್ಡದಾಯಿತು. ಪರಳ, ಲಾಲ್‌ಬಾಗ್, ವರಳಿಯ ಸೀಮೆಗೆ ‘ಗಿರಣಗಾಂವ’ ಎಂಬ ಹೆಸರೇ ಬಿತ್ತು: ಮಹಾನಗರದೊಳಗೆ ಗಿರಣಿಗಳದೇ ಒಂದು ಊರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರದ ನಂತರ ಆ ಊರು ಮತ್ತೆ ಮೊದಲಿನಂತಾಗಲಿಲ್ಲ. ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಮಾಲ್ ಬಂತು, ಅದರ ಹೊಗೆಕೊಳವೆಯನ್ನು ಉಳಿಸಿಕೊಂಡರು.

ನಮ್ಮ ಊರುಗಳಲ್ಲಿ ಉಳಿದದ್ದು ಎಷ್ಟೋ ಕಡೆ ಹೆಸರೊಂದೇ. ಹುಬ್ಬಳ್ಳಿಯಲ್ಲಿ ಗಿರಣಿ ಚಾಳ ಇದೆ. ಕಾರ್ಮಿಕರ ಸಾಲುಮನೆಗಳಿಗೆ ಚಾಳ ಎನ್ನುತ್ತಿದ್ದರು, ಆ ಹೆಸರೇ ಬಡಾವಣೆಗೆ ನಿಂತಿತು. ಕಲಬುರಗಿಯಲ್ಲಿ ‘ಎಂ.ಎಸ್.ಕೆ. ಮಿಲ್’ ಎಂದರೆ ಆಟೋದವರು ತಕ್ಷಣ ಹೊರಡುತ್ತಾರೆ. ಆ ಮೂರಕ್ಷರದ ಮೊದಲೆರಡು ‘ಮೆಹಬೂಬ್ ಶಾಹಿ’. ಅಲ್ಲಿ ಕೂತಿರುವುದು ಹೈದರಾಬಾದಿನ ಆರನೇ ನಿಜಾಮ. ದಾವಣಗೆರೆಯ ಡಿ.ಸಿ.ಎಂ. ಟೌನ್‌ಶಿಪ್ ಎಂಬ ಹೆಸರಿನೊಳಗೆ ದಾವಣಗೆರೆ ಕಾಟನ್ ಮಿಲ್ಸ್ ಇದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಆ ಊರಿನ ಗಿರಣಿ ಕಾರ್ಮಿಕರ ಬಲದ ಮೇಲೆಯೇ ಸಿಪಿಐನ ಪಂಪಾಪತಿ ವಿಧಾನಸಭೆಗೆ ಗೆದ್ದು ಬಂದದ್ದು. ಇಂಥ ಹೆಸರುಗಳನ್ನು ಬಿಡಿಸಿ ಹೇಳುವವರು ಕಡಿಮೆಯಾದಂತೆ ಅವು ಬರೀ ಇಂಗ್ಲಿಷ್ ಅಕ್ಷರಗಳಾಗಿಬಿಡುತ್ತವೆ. ನನ್ನನ್ನು ಕಾಡುವುದು ಇದೇ. ಕಟ್ಟಡ ಬಿದ್ದರೆ ಹಳೆಯ ಚಿತ್ರವಾದರೂ ಸಿಕ್ಕೀತು; ಹೆಸರಿನ ಅರ್ಥ ಹೋದರೆ ಅದು ಹೋಯಿತೆಂದೂ ಗೊತ್ತಾಗುವುದಿಲ್ಲ.

ಹೆಸರೇ ಹೋದ ಉದಾಹರಣೆ ಬೆಂಗಳೂರಿನದು. ಮಲ್ಲೇಶ್ವರದ ಅಂಚಿನಲ್ಲಿದ್ದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. ಪಕ್ಕದ ಮೆಟ್ರೊ ನಿಲ್ದಾಣಕ್ಕೆ ಮಾಲಿನದೂ ಸಂಪಿಗೆ ರಸ್ತೆಯದೂ ಹೆಸರು ಬಂತು, ಮಿಲ್ಲಿನದು ಬರಲಿಲ್ಲ. ಬಿನ್ನಿಪೇಟೆಗೆ ಆ ಗತಿ ಬರಲಿಲ್ಲ. ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟುಗಳಿವೆ, ಆದರೂ ಜನ ಅದನ್ನು ಬಿನ್ನಿ ಮಿಲ್ ಎಂದೇ ಕರೆಯುತ್ತಾರೆ. ಅಲ್ಲಿಂದ ತುಸು ದೂರದ ಕಾಟನ್‌ಪೇಟೆಗೆ ಮೊದಲಿನ ಹೆಸರು ಅರಳೇಪೇಟೆ. ಗಿರಣಿ ಬರುವ ಎಷ್ಟೋ ಮೊದಲು ಅಲ್ಲಿ ಅರಳೆಯ ವ್ಯಾಪಾರ ನಡೆದಿತ್ತು. ನಗರದಲ್ಲಿ ಹೊಸ ನಿಲ್ದಾಣಕ್ಕೆ ಹೆಸರಿಡುವವರು ಒಮ್ಮೆ ಆ ಬೀದಿಯ ಹಿರಿಯರನ್ನು ಕೇಳಿದರೆ ಎಷ್ಟು ಉಳಿದೀತು ಎನಿಸುತ್ತದೆ.

ಬಟ್ಟೆಯ ಕೆಲಸ ಕೈಬಿಟ್ಟ ಮೇಲೆ ಗಿರಣಿ ಮತ್ತೆ ಹಿಟ್ಟಿಗೇ ಬಂದಿದೆ. ಇಂದು ಹುಬ್ಬಳ್ಳಿಯ ಎಳೆಯರಿಗೆ ಗಿರಣಿ ಎಂದರೆ ಓಣಿಯ ಮೂಲೆಯದೊಂದೇ: ಗೋಡೆಗೆಲ್ಲ ಬಿಳಿ ಧೂಳು, ಸಾಲಾಗಿ ಇಟ್ಟ ಡಬ್ಬಿಗಳು, ಗೋಧಿ ಆದ ಮೇಲೆ ಜೋಳ, ಜೋಳ ಆದ ಮೇಲೆ ಖಾರ. ಅದಕ್ಕೂ ಈಗ ಪ್ಯಾಕೆಟ್ ಹಿಟ್ಟಿನ ಪೈಪೋಟಿ. ಅಂಗಡಿಗಳಲ್ಲಿ ಕಪಾಟಿನಷ್ಟು ಎತ್ತರದ, ಮನೆಯೊಳಗೇ ಇಟ್ಟುಕೊಳ್ಳುವ ವಿದ್ಯುತ್ ಗಿರಣಿ ಮಾರುತ್ತಾರೆ. ಕೊಂಡವರು ಅಡುಗೆಮನೆಯಲ್ಲಿ ಅಜ್ಜಿಯ ಬೀಸುವ ಕಲ್ಲಿದ್ದ ಜಾಗ ಹುಡುಕಿ ಅದನ್ನು ಇಡುತ್ತಾರೆ.