ಡೈಅಸೈಲ್‌ಗ್ಲಿಸರಾಲ್ ಮತ್ತು ಅದರ ಕೈನೇಸುಗಳು: ಒಂದು ಸಂಶೋಧನೆಯ ಇತಿಹಾಸ

ಒಂದು ವಸ್ತುವಿನ ಹೆಸರು ಮೊದಲು ತಿಳಿದು, ಅದರ ಕಾರ್ಯವು ಬಹುಕಾಲದ ಅನಂತರ ವಿಶದವಾಗುವುದು ವಿಜ್ಞಾನದ ಇತಿಹಾಸದಲ್ಲಿ ಅಪೂರ್ವವೇನಲ್ಲ. ಡೈಅಸೈಲ್‌ಗ್ಲಿಸರಾಲ್ ಎಂಬ ಸರಳವಾದ ಮೇದೋದ್ರವ್ಯಕ್ಕೂ, ಅದಕ್ಕೆ ಫಾಸ್ಫೇಟನ್ನು ಕೂಡಿಸುವ ಕೈನೇಸ್ ಎಂಬ ಕಿಣ್ವಕ್ಕೂ ಇಂತಹುದೇ ಗತಿ ಒದಗಿತು. ಗ್ಲಿಸರಾಲಿಗೆ ಎರಡು ಮೇದಾಮ್ಲಗಳು ಸೇರಿ ಆದ ಈ ವಸ್ತುವನ್ನು ೧೯೫೦ರ ದಶಕದ ಜೀವರಸಾಯನಜ್ಞರು ಕೊಬ್ಬು ಮತ್ತು ಫಾಸ್ಫೊಲಿಪಿಡ್‌ಗಳ ರಚನೆಯಲ್ಲಿ ಒಂದು ನಡುವಣ ಮೆಟ್ಟಿಲೆಂದು ಮಾತ್ರ ಬಲ್ಲವರಾಗಿದ್ದರು. ಅದು ಜೀವಕೋಶದಲ್ಲಿ ಸುದ್ದಿಯನ್ನು ಒಯ್ಯುವ ದೂತನೂ ಹೌದೆಂಬುದು ಸ್ಥಿರಪಡಲು ಕಾಲು ಶತಮಾನವೇ ಬೇಕಾಯಿತು. ಈ ವಿಳಂಬಕ್ಕೆ ಕಾರಣವೇನು, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧೯೫೩ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ ದಂಪತಿಗಳು ಪಾರಿವಾಳದ ಮೇದೋಜೀರಕ ಗ್ರಂಥಿಯ ತೆಳುವಾದ ಬಿಲ್ಲೆಗಳನ್ನು ವಿಕಿರಣಶೀಲ ರಂಜಕವುಳ್ಳ ದ್ರವದಲ್ಲಿಟ್ಟು, ಅದಕ್ಕೆ ಅಸಿಟೈಲ್‌ಕೋಲೀನನ್ನು ಸೇರಿಸಿದರು. ನಿರೀಕ್ಷೆಯಂತೆ ಗ್ರಂಥಿಯು ಪಾಚಕ ಕಿಣ್ವಗಳನ್ನು ಸ್ರವಿಸಿತು. ನಿರೀಕ್ಷಿಸದಿದ್ದ ಇನ್ನೊಂದು ಸಂಗತಿಯೂ ಕಂಡುಬಂದಿತು: ಫಾಸ್ಫೊಲಿಪಿಡ್‌ಗಳು ರಂಜಕವನ್ನು ಹಲವು ಪಟ್ಟು ಹೆಚ್ಚಾಗಿ ಹೀರಿಕೊಂಡಿದ್ದವು. ಮುಂದಿನ ಐದಾರು ವರ್ಷಗಳ ಪರಿಶ್ರಮದಿಂದ, ಈ ವ್ಯತ್ಯಾಸವು ಮುಖ್ಯವಾಗಿ ಫಾಸ್ಫಾಟಿಡಿಕ್ ಆಮ್ಲದಲ್ಲಿಯೂ ಇನೋಸಿಟಾಲ್ ಕೂಡಿದ ಲಿಪಿಡ್‌ಗಳಲ್ಲಿಯೂ ಉಂಟಾಗುವುದೆಂದು ಅವರು ತೋರಿಸಿಕೊಟ್ಟರು. ಅದುವರೆಗೆ ಕೋಶಪೊರೆಯ ಮೇದಸ್ಸು ಗೋಡೆಯ ಗಾರೆಯಂತೆ ನಿಶ್ಚಲವಾದುದೆಂಬ ಭಾವನೆಯಿದ್ದಿತು. ಆ ಗಾರೆಯೇ ಹೊರಗಿನ ಕರೆಗೆ ಓಗೊಡುತ್ತಿರುವುದು ಈ ಪ್ರಯೋಗದಿಂದ ಮೊದಲ ಬಾರಿಗೆ ಗೋಚರವಾಯಿತು.

೧೯೫೯ರಲ್ಲಿ ಇದೇ ದಂಪತಿಗಳು ಮಿದುಳಿನ ಕೋಶಾಂಶಗಳಲ್ಲಿ ಒಂದು ಕಿಣ್ವವನ್ನು ಗುರುತಿಸಿದರು. ಅದು ಎ.ಟಿ.ಪಿ.ಯಿಂದ ಫಾಸ್ಫೇಟನ್ನು ತೆಗೆದು ಡೈಗ್ಲಿಸರೈಡಿಗೆ ಸೇರಿಸಿ ಫಾಸ್ಫಾಟಿಡಿಕ್ ಆಮ್ಲವನ್ನು ಉಂಟುಮಾಡುತ್ತಿದ್ದಿತು. ಇಂದು ನಾವು ಡೈಅಸೈಲ್‌ಗ್ಲಿಸರಾಲ್ ಕೈನೇಸ್ ಎಂದು ಕರೆಯುವುದು ಇದನ್ನೇ. ಆದರೆ ಅವರು ಇದಕ್ಕೆ ಕೊಟ್ಟ ವ್ಯಾಖ್ಯಾನವೇ ಬೇರೆ. ಫಾಸ್ಫಾಟಿಡಿಕ್ ಆಮ್ಲವು ಸೋಡಿಯಮನ್ನು ಪೊರೆಯ ಆಚೆಗೆ ಸಾಗಿಸುವ ವಾಹಕವೆಂದು ಅವರು ಭಾವಿಸಿದರು. ಕಡಲಹಕ್ಕಿಗಳ ಉಪ್ಪಿನ ಗ್ರಂಥಿಯ ಮೇಲೆ ನಡೆಸಿದ ಪ್ರಯೋಗಗಳಿಂದ ಇದನ್ನು ಸಮರ್ಥಿಸಲು ಯತ್ನಿಸಿದರು. ಈ ವಾದ ನಿಲ್ಲಲಿಲ್ಲ. ಸೋಡಿಯಮನ್ನು ಸಾಗಿಸುವುದು ಯೆನ್ಸ್ ಸ್ಕೌ ೧೯೫೭ರಲ್ಲಿ ವರ್ಣಿಸಿದ ಪ್ರೋಟೀನು ಕಿಣ್ವವೆಂಬುದು ಕ್ರಮೇಣ ಸಿದ್ಧವಾಯಿತು.

ಇಲ್ಲಿ ಇತಿಹಾಸಕಾರನು ಎಚ್ಚರ ವಹಿಸಬೇಕಾಗುತ್ತದೆ. ಹೋಕಿನ್ ದಂಪತಿಗಳು ಕೋಶಸಂಜ್ಞೆಯ ಮಾರ್ಗವನ್ನು ೧೯೫೩ರಲ್ಲಿಯೇ ಅರಿತಿದ್ದರೆಂದು ಹೇಳುವುದು ಇಂದಿನ ತಿಳಿವನ್ನು ಹಿಂದಿನವರ ಮೇಲೆ ಹೇರಿದಂತೆ. ಅವರ ಊಹೆ ತಪ್ಪಾಯಿತೆಂದು ಅವರ ಕೆಲಸವನ್ನೇ ಕಡೆಗಣಿಸುವುದೂ ಅಷ್ಟೇ ಅನ್ಯಾಯ. ಅವರ ಅಳತೆಗಳು ನಿಜವಾಗಿದ್ದವು. ಊಹೆ ಬಿದ್ದುಹೋದರೂ ಅಳತೆಗಳು ಉಳಿದವು. ಅವುಗಳ ಮೇಲೆಯೇ ಮುಂದಿನವರು ಕಟ್ಟಿದರು.

೧೯೭೫ರಲ್ಲಿ ಬರ್ಮಿಂಗ್‌ಹ್ಯಾಮಿನ ರಾಬರ್ಟ್ ಮಿಚೆಲ್ ಚದುರಿದ್ದ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ, ಇನೋಸಿಟಾಲ್ ಲಿಪಿಡ್‌ಗಳ ಒಡೆಯುವಿಕೆಗೂ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚುವುದಕ್ಕೂ ಸಂಬಂಧವಿದೆಯೆಂದು ವಾದಿಸಿದರು. ೧೯೭೭ರಲ್ಲಿ ಜಪಾನಿನ ಕೋಬೆ ವಿಶ್ವವಿದ್ಯಾನಿಲಯದ ಯಸುತೋಮಿ ನಿಶಿಝುಕ ಮತ್ತು ಸಂಗಡಿಗರು, ಅನಂತರ ಪ್ರೋಟೀನ್ ಕೈನೇಸ್ ಸಿ ಎಂದು ಹೆಸರಾದ ಕಿಣ್ವವನ್ನು ವರ್ಣಿಸಿದರು. ಅದನ್ನು ಎಚ್ಚರಿಸುವುದು ಡೈಅಸೈಲ್‌ಗ್ಲಿಸರಾಲ್ ಎಂದು ೧೯೭೯ರಲ್ಲಿ ತೋರಿಸಿದರು. ೧೯೮೩ರಲ್ಲಿ ಒಡೆದ ಲಿಪಿಡ್ಡಿನ ಇನ್ನೊಂದು ತುಂಡಾದ ಇನೋಸಿಟಾಲ್ ಟ್ರೈಸ್‌ಫಾಸ್ಫೇಟ್ ಕೋಶದ ಒಳಕೋಠಿಗಳಿಂದ ಕ್ಯಾಲ್ಸಿಯಮನ್ನು ಹೊರಹಾಕುವುದೆಂದು ಸ್ಟ್ರೆಬ್, ಅರ್ವಿನ್, ಬೆರಿಜ್ ಮತ್ತು ಶುಲ್ಟ್ಸ್ ಪ್ರಕಟಿಸಿದರು. ಈ ಪ್ರಯೋಗ ನಡೆದುದೂ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿಯೇ. ಮೂವತ್ತು ವರ್ಷಗಳ ಅನಂತರ ಪ್ರಶ್ನೆಯು ಹುಟ್ಟಿದೆಡೆಯಲ್ಲಿಯೇ ಉತ್ತರವನ್ನು ಪಡೆಯಿತು.

ಸಂಜ್ಞೆಯು ಹುಟ್ಟುವ ಬಗೆ ತಿಳಿದ ಮೇಲೆ, ಅದು ಅಡಗುವ ಬಗೆಯೂ ವಿಚಾರಾರ್ಹವಾಯಿತು. ನಮ್ಮ ನಾಡಿನ ವೈದ್ಯರು ವಿರೇಚಕವಾಗಿ ಬಲ್ಲ ಜಾಪಾಳದ ಬೀಜದ ಎಣ್ಣೆಯು ಇಲ್ಲಿ ಒಳ್ಳೆಯ ನಿದರ್ಶನ. ಇಲಿಯ ಚರ್ಮದ ಮೇಲೆ ಗಂತಿಗಳ ಬೆಳವಣಿಗೆಯನ್ನು ಈ ಎಣ್ಣೆ ಪ್ರೇರಿಸುವುದು ೧೯೪೦ರ ದಶಕದಿಂದಲೂ ತಿಳಿದಿದ್ದಿತು. ಅದರಲ್ಲಿರುವ ಫಾರ್ಬಾಲ್ ಎಸ್ಟರು ಡೈಅಸೈಲ್‌ಗ್ಲಿಸರಾಲಿನ ಸ್ಥಾನದಲ್ಲಿ ನಿಂತು ಪ್ರೋಟೀನ್ ಕೈನೇಸ್ ಸಿ ಯನ್ನು ನೇರವಾಗಿ ಪ್ರಚೋದಿಸುವುದೆಂದು ೧೯೮೨ರಲ್ಲಿ ನಿಶಿಝುಕರ ಪ್ರಯೋಗಶಾಲೆಯು ಕಂಡಿತು. ಸಹಜ ದೂತನು ಕ್ಷಣಕಾಲವಿದ್ದು ಮರೆಯಾಗುತ್ತಾನೆ. ಈ ವಿಷವು ಬೇಗನೆ ನಾಶವಾಗದೆ ಉಳಿಯುತ್ತದೆ. ಆರಂಭಿಸುವ ಆಜ್ಞೆಯಷ್ಟೇ ಮುಗಿಸುವ ಆಜ್ಞೆಯೂ ಅಗತ್ಯವೆಂಬುದು ಇದರಿಂದ ಸ್ಪಷ್ಟ. ಡೈಅಸೈಲ್‌ಗ್ಲಿಸರಾಲನ್ನು ಫಾಸ್ಫಾಟಿಡಿಕ್ ಆಮ್ಲವಾಗಿ ಮಾರ್ಪಡಿಸಿ, ಇನೋಸಿಟಾಲ್ ಲಿಪಿಡ್ಡಿನ ಪುನಾರಚನೆಗೆ ದಾರಿಮಾಡುವ ಕೈನೇಸಿನ ಮಹತ್ತ್ವವಿರುವುದು ಇಲ್ಲಿಯೇ.

ಹಣ್ಣಿನ ನೊಣದಲ್ಲಿ ಇದಕ್ಕೆ ಪ್ರಬಲವಾದ ಸಾಕ್ಷ್ಯ ದೊರೆಯಿತು. ಕಣ್ಣಿನ ಕೋಶಗಳು ನಶಿಸಿಹೋಗುವ ಒಂದು ವಿಕೃತ ತಳಿಯಲ್ಲಿ ಕೆಟ್ಟಿರುವುದು ಈ ಕೈನೇಸಿನ ಜೀನೆಂದು ೧೯೯೩ರಲ್ಲಿ ತಿಳಿದುಬಂದಿತು. ಅಂತಹ ಕಣ್ಣಿನಲ್ಲಿ ಬೆಳಕಿಲ್ಲದಾಗಲೂ ಪೊರೆಯ ಅಯಾನು ದ್ವಾರಗಳು ತೆರೆದೇ ಇರುವುದನ್ನು ೨೦೦೦ದಲ್ಲಿ ಕೇಂಬ್ರಿಜ್‌ನಲ್ಲಿ ರಘು ಪಡಿಂಜಾಟ್, ರೋಜರ್ ಹಾರ್ಡಿ ಮೊದಲಾದವರು ತೋರಿಸಿದರು. ರಘು ಅವರು ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಇಂತಹ ಲಿಪಿಡ್‌ಗಳ ಅಧ್ಯಯನವನ್ನು ಮುಂದುವರಿಸಿದರು.

ಸ್ತನಿಗಳಲ್ಲಿ ಈ ಕೈನೇಸು ಒಂದಲ್ಲ. ಹತ್ತು ಬಗೆಗಳು ತಿಳಿದಿವೆ. ಅವುಗಳಲ್ಲಿ ಎಪ್ಸಿಲಾನ್ ಎಂಬುದರ ಜೀನು ಕೆಟ್ಟರೆ, ವರ್ಷ ತುಂಬದ ಹಸುಳೆಗಳಿಗೆ ಮೂತ್ರಪಿಂಡದ ತೀವ್ರವಾದ ಒಂದು ವ್ಯಾಧಿ ಬರುವುದೆಂದು ೨೦೧೩ರಲ್ಲಿ ವರದಿಯಾಯಿತು. ಆಲ್ಫ ಮತ್ತು ಝೀಟ ಎಂಬುವು ರಕ್ತದ ಟಿ ಕೋಶಗಳ ಉತ್ಸಾಹವನ್ನು ತಗ್ಗಿಸುವುದರಿಂದ, ಅವನ್ನು ತಡೆದು ಅರ್ಬುದದ ವಿರುದ್ಧ ದೇಹದ ರಕ್ಷಣೆಯನ್ನು ಹುರಿದುಂಬಿಸುವ ಪ್ರಯತ್ನಗಳು ನಡೆದಿವೆ. ಒಂದೆಡೆ ಕೈನೇಸಿನ ಅಭಾವವೇ ರೋಗ. ಇನ್ನೊಂದೆಡೆ ಅದನ್ನು ತಡೆಯುವುದೇ ಚಿಕಿತ್ಸೆಯ ಆಸೆ. ಹೀಗಿರುವಲ್ಲಿ ಯಾವ ಕೋಶದಲ್ಲಿ ಯಾವ ಬಗೆಯನ್ನು ತಡೆಯಬೇಕೆಂಬ ವಿವೇಚನೆಯಿಲ್ಲದೆ ಮುಂದುವರಿಯುವಂತಿಲ್ಲ. ಫಾಸ್ಫಾಟಿಡಿಕ್ ಆಮ್ಲವೂ ಸ್ವತಃ ಕೆಲವು ಪ್ರೋಟೀನುಗಳಿಗೆ ಸಂಜ್ಞೆಯಾಗಬಲ್ಲುದಾದ್ದರಿಂದ, ಕೈನೇಸನ್ನು ಬರಿಯ ತಡೆಯೆನ್ನುವುದೂ ಪೂರ್ಣಸತ್ಯವಲ್ಲ.

ಸಂಶೋಧನೆಗೆ ಕೈಹಾಕುವ ವಿದ್ಯಾರ್ಥಿಗಳು ಈ ಇತಿಹಾಸದಿಂದ ಮನಗಾಣಬೇಕಾದುದು ಇಷ್ಟು: ವ್ಯಾಖ್ಯಾನವು ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಎಚ್ಚರದಿಂದ ಮಾಡಿದ ಅಳತೆಯು ಅರ್ಥವು ತಿಳಿಯುವವರೆಗೂ ಕಾದು ನಿಲ್ಲಬಲ್ಲುದು.